ಎಕ್ಸರೇಗೆ ಸಿಗದ ಸೊಂಟ ನೋವು

ಕೆಂಕೆರೆ, ಹುಳಿಯಾರು ಕಡೆ ಸೊಂಟ ನೋವು ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಕೆಡವಿದ ತೆಂಗಿನಕಾಯಿಯನ್ನು ಬಗ್ಗಿ ಬಗ್ಗಿ ಆಯಬೇಕು, ಗುಡ್ಡೆ ಹಾಕಬೇಕು, ಅಟ್ಟಕ್ಕೆ ಏರಿಸಬೇಕು. ತಿಂಗಳುಗಟ್ಟಲೆ ಅಲ್ಲಿ ಒಣಗಿದ್ದನ್ನು ಮತ್ತೆ ಇಳಿಸಿ, ಸುಲಿದು, ಕರಟ ಒಡೆದು, ಉಂಡೆ ಕೊಬ್ಬರಿಯ ಚೀಲ ತಿಪಟೂರಿನ ಮಾರುಕಟ್ಟೆ ಸೇರುವ ತನಕ ಎಲ್ಲ ಕೆಲಸವೂ ಬೆನ್ನಿನ ಮೇಲೆಯೇ. ಐವತ್ತು ದಾಟಿದವರಲ್ಲಿ ಸೊಂಟ ಹಿಡಿದುಕೊಳ್ಳದವರು ಅಪರೂಪ. ಆದ್ದರಿಂದ ನೋವು ಬಂದಾಗ ನಡೆಯುವ ಉಪಚಾರಕ್ಕೂ ಒಂದು ಕ್ರಮವಿದೆ. ಮೊದಲು ಎಣ್ಣೆ, ಆಮೇಲೆ ಮೆಡಿಕಲ್ ಸ್ಟೋರಿನ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಒಂದು ಇಂಜೆಕ್ಷನ್, ಕಡೆಗೆ ಹುಳಿಯಾರಿನಲ್ಲೋ ಚಿಕ್ಕನಾಯಕನಹಳ್ಳಿಯಲ್ಲೋ ತಿಪಟೂರಿನಲ್ಲೋ ಒಂದು ಎಕ್ಸರೇ. ಫಿಲ್ಮು ನೋಡಿದ ಮೇಲೆ ಸಿಗುವ ಉತ್ತರ ಹೆಚ್ಚಾಗಿ ಎರಡೇ: ‘ಏನೂ ಇಲ್ಲ’, ಇಲ್ಲವೇ ‘ಸವೆತ’.

ಬಹುಪಾಲು ಸಲ ಆ ಮಾತು ನಿಜವೇ. ದುಡಿದ ಬೆನ್ನು ಸವೆಯುತ್ತದೆ, ನೋಯುತ್ತದೆ, ವಿಶ್ರಾಂತಿ ಕೊಟ್ಟರೆ ತಗ್ಗುತ್ತದೆ. ಈ ಬರಹ ಅಂಥ ನೋವಿನವರನ್ನು ಹೆದರಿಸಲಿಕ್ಕಲ್ಲ. ಆದರೆ ಆ ಸಾಲಿನಲ್ಲಿ ಯಾವಾಗಲೋ ಒಬ್ಬರ ನೋವು ಬೇರೆ ಜಾತಿಯದಾಗಿರುತ್ತದೆ. ಮಲಗಿದರೂ ಬಿಡುವುದಿಲ್ಲ, ರಾತ್ರಿ ಹೊರಳಿದರೆ ಜೀವ ಹೋದಂತಾಗುತ್ತದೆ. ಜೊತೆಗೆ ಸುಸ್ತು, ಮುಖ ಬಿಳುಚಿಕೊಂಡಿರುವುದು, ಮೇಲಿಂದ ಮೇಲೆ ಜ್ವರ, ಕೆಮ್ಮು. ಇಂಥವರಲ್ಲಿ ಕೆಲವರಿಗೆ ಇರುವುದು ಮಲ್ಟಿಪಲ್ ಮೈಲೋಮಾ, ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್. ಅವರ ಎಕ್ಸರೇಯೂ ‘ಏನೂ ಇಲ್ಲ’ ಎಂದೇ ಹೇಳಬಹುದು. ಅದು ಎಕ್ಸರೇಯ ಸುಳ್ಳಲ್ಲ. ನಾವು ಕೇಳಿದ ಪ್ರಶ್ನೆ ಅದಕ್ಕೆ ಗೊತ್ತಿಲ್ಲದ್ದು, ಅಷ್ಟೆ.

ಮಜ್ಜೆ ಎಂದರೇನು ಎಂದು ಬಾಡೂಟ ಉಂಡವರಿಗೆ ಹೇಳಿಕೊಡಬೇಕಿಲ್ಲ. ನಲ್ಲಿಮೂಳೆಯನ್ನು ತಟ್ಟೆಗೆ ಕುಟ್ಟಿ ಹೀರುತ್ತಾರಲ್ಲ, ಅದೇ. (ತಿನ್ನದ ಮನೆಯವರು ಪಕ್ಕದ ಬೀದಿಯವರನ್ನು ಕೇಳಬಹುದು.) ಕೈಕಾಲಿನ ಉದ್ದ ಮೂಳೆಗಳಲ್ಲಿ ಇರುವುದು ಹೆಚ್ಚಾಗಿ ಕೊಬ್ಬು ತುಂಬಿದ ಹಳದಿ ಮಜ್ಜೆ. ರಕ್ತ ತಯಾರಿಸುವ ಕೆಂಪು ಮಜ್ಜೆ ದೊಡ್ಡವರಲ್ಲಿ ಉಳಿದುಕೊಂಡಿರುವುದು ಬೆನ್ನುಮೂಳೆ, ಪಕ್ಕೆಲುಬು, ಎದೆಮೂಳೆ, ಸೊಂಟದ ಮೂಳೆ, ತಲೆಬುರುಡೆ, ತೊಡೆ ಮತ್ತು ತೋಳಿನ ಮೂಳೆಗಳ ಮೇಲ್ತುದಿ, ಇಷ್ಟರಲ್ಲಿ. ಮೈಲೋಮಾ ಬೆಳೆಯುವುದೂ ಹೆಚ್ಚಾಗಿ ಇಲ್ಲೇ. ಬೆನ್ನು ನೋವಾಗಿಯೇ ಅದು ಮೊದಲು ಬಾಗಿಲು ತಟ್ಟುವುದಕ್ಕೆ ಕಾರಣ ಇದು.

ಮಜ್ಜೆಯಲ್ಲಿ ಪ್ಲಾಸ್ಮಾ ಕೋಶ ಎಂಬುವು ಇವೆ. ರೋಗಾಣುಗಳ ವಿರುದ್ಧ ಪ್ರತಿಕಾಯಗಳನ್ನು ಮಾಡುವುದು ಅವುಗಳ ಕೆಲಸ. ಅವುಗಳಲ್ಲಿ ಒಂದು ಕೆಟ್ಟು, ತನ್ನಂಥದ್ದನ್ನೇ ಸಾವಿರ, ಲಕ್ಷ, ಕೋಟಿಯಾಗಿ ಹುಟ್ಟಿಸತೊಡಗಿದರೆ ಅದು ಮೈಲೋಮಾ. ಉಪಯೋಗಕ್ಕೆ ಬಾರದ ಒಂದೇ ಬಗೆಯ ಪ್ರೋಟೀನು ರಕ್ತದಲ್ಲಿ ತುಂಬುತ್ತದೆ, ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳುತ್ತದೆ. ಒಳ್ಳೆಯ ರಕ್ತಕಣಗಳಿಗೆ ಜಾಗ ಸಾಲದೆ ರಕ್ತಹೀನತೆ ಬರುತ್ತದೆ. ಮೂಳೆಯ ವಿಷಯದಲ್ಲಿ ಅದು ಮಾಡುವ ಅನಾಹುತ ಇನ್ನೂ ವಿಚಿತ್ರ. ನಮ್ಮ ಮೂಳೆ ಸದಾ ಸ್ವಲ್ಪ ಸ್ವಲ್ಪ ಕರಗುತ್ತಾ, ಸ್ವಲ್ಪ ಸ್ವಲ್ಪ ಕಟ್ಟಿಕೊಳ್ಳುತ್ತಾ ಇರುತ್ತದೆ. ಕರಗಿಸುವ ಕೋಶಗಳೇ ಬೇರೆ, ಕಟ್ಟುವ ಕೋಶಗಳೇ ಬೇರೆ. ಮೈಲೋಮಾ ಕರಗಿಸುವವನ್ನು ಕೆರಳಿಸುತ್ತದೆ, ಕಟ್ಟುವವರ ಕೈ ಕಟ್ಟಿಹಾಕುತ್ತದೆ. ಹೀಗಾಗಿ ಮೂಳೆಯಲ್ಲಿ ಬೀಳುವ ತೂತು ತುಂಬುವುದಿಲ್ಲ, ಅದರ ಸುತ್ತ ದಡವೂ ಏಳುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಿತ್ರ ತೆಗೆಯುವ ಯಂತ್ರ ಹುಟ್ಟುವುದಕ್ಕೂ ಅರ್ಧ ಶತಮಾನ ಮೊದಲೇ ಈ ಕಾಯಿಲೆ ವೈದ್ಯರ ಕಣ್ಣಿಗೆ ಬಿದ್ದಿತ್ತು. 1844ರಲ್ಲಿ ಲಂಡನ್ನಿನಲ್ಲಿ ಸಾರಾ ನ್ಯೂಬರಿ ಎಂಬ 39 ವರ್ಷದ ಹೆಂಗಸು ಸತ್ತಳು. ಗಂಡ ಅವಳನ್ನು ಎತ್ತಿ ಹಾಸಿಗೆಗೆ ಒಯ್ಯುವಾಗಲೇ ಅವಳ ತೊಡೆಮೂಳೆಗಳು ಮುರಿದಿದ್ದವು. ಅದೇ ವರ್ಷ ಥಾಮಸ್ ಅಲೆಕ್ಸಾಂಡರ್ ಮ್ಯಾಕ್‌ಬೀನ್ ಎಂಬ ವ್ಯಾಪಾರಿ ರಜೆಗೆಂದು ಹೋದವನು ಒಂದು ನೆಲಗುಹೆಯಿಂದ ಮೇಲಕ್ಕೆ ಜಿಗಿದ. ಎದೆಯಲ್ಲಿ ಏನೋ ಪಟ್ ಎಂದಂತಾಯಿತು, ನೋವಿಗೆ ಮಿಸುಕಾಡಲೂ ಆಗಲಿಲ್ಲ. ಪಟ್ಟಿ ಕಟ್ಟಿದರು, ಜಿಗಣೆ ಹಚ್ಚಿದರು, ರಕ್ತ ತೆಗೆದರು. ಮರುವರ್ಷ ಅವನ ವೈದ್ಯರು ಮೂತ್ರವನ್ನು ಒಂದು ಸೀಸೆಯಲ್ಲಿ ತುಂಬಿ, ‘ಇದೇನು?’ ಎಂದು ಕೇಳಿ ಹೆನ್ರಿ ಬೆನ್ಸ್ ಜೋನ್ಸ್ ಎಂಬ ರಸಾಯನ ಬಲ್ಲ ವೈದ್ಯನಿಗೆ ಕಳಿಸಿಕೊಟ್ಟರು. ಕಾಯಿಸಿದರೆ ಕರಗಿ, ಆರಿದರೆ ಮತ್ತೆ ಗಟ್ಟಿಯಾಗುವ ಒಂದು ವಿಚಿತ್ರ ಪ್ರೋಟೀನು ಅದರಲ್ಲಿತ್ತು. 1846ರ ಜನವರಿ 1ರಂದು ಮ್ಯಾಕ್‌ಬೀನ್ ತೀರಿಕೊಂಡ. ಹೆಣ ಕೊಯ್ದು ನೋಡಿದಾಗ ಪಕ್ಕೆಲುಬುಗಳು ಚಾಕುವಿಗೆ ಸಲೀಸಾಗಿ ತುಂಡಾಗುವಷ್ಟು ಮೆತ್ತಗಾಗಿದ್ದವು. ಆ ಪ್ರೋಟೀನಿಗೆ ಇವತ್ತಿಗೂ ಬೆನ್ಸ್ ಜೋನ್ಸ್ ಹೆಸರೇ ಇದೆ. ರಾಂಟ್ಜೆನ್ ಎಕ್ಸರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಅಂದರೆ ಈ ಕ್ಯಾನ್ಸರಿನ ಮೊದಲ ಸುಳಿವು ಸಿಕ್ಕಿದ್ದು ಯಾವ ಚಿತ್ರದಲ್ಲೂ ಅಲ್ಲ, ಒಂದು ಸೀಸೆ ಮೂತ್ರದಲ್ಲಿ. ದೊಡ್ಡ ಯಂತ್ರದ ಮುಂದೆ ಸಾಲು ನಿಲ್ಲುವವರಿಗೆ ಇದು ಗೊತ್ತಿರುವುದು ಒಳ್ಳೆಯದು.

ಈಗ ಎಕ್ಸರೇಗೆ ಬರೋಣ. ಅದು ಕಾಣುವುದು ಮೂಳೆಯಲ್ಲಿರುವ ಸುಣ್ಣವನ್ನು. ಕಿರಣಗಳನ್ನು ಸುಣ್ಣ ತಡೆದ ಕಡೆ ಬಿಳಿ, ಬಿಟ್ಟ ಕಡೆ ಕಪ್ಪು. ಮಜ್ಜೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಒಂದು ಜಾಗದ ಸುಣ್ಣದಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕರಗಿಹೋಗುವ ತನಕ ಫಿಲ್ಮಿನಲ್ಲಿ ಕಪ್ಪು ಚುಕ್ಕೆ ಮೂಡುವುದಿಲ್ಲ. ಬೆನ್ನುಮೂಳೆ, ಸೊಂಟದ ಮೂಳೆಗಳ ಮೇಲಂತೂ ಕರುಳಿನ ನೆರಳು, ಗಾಳಿಯ ನೆರಳು ಎಲ್ಲ ಕೂತಿರುತ್ತದೆ. ತಲೆಬುರುಡೆಯಲ್ಲಿ ಮಾತ್ರ ಮೈಲೋಮಾದ ತೂತುಗಳು ಮೊಳೆ ಹೊಡೆದಷ್ಟು ಸ್ಪಷ್ಟವಾಗಿ ಕಾಣುವುದುಂಟು, ಆದರೆ ಸೊಂಟ ನೋವು ಎಂದು ಬಂದವರ ತಲೆಗೆ ಯಾರು ಎಕ್ಸರೇ ತೆಗೆಯುತ್ತಾರೆ? ನಮ್ಮದೇ ತುಮಕೂರು ಜಿಲ್ಲೆಯ ಪಾವಗಡ ಕಡೆ ಫ್ಲೋರೈಡು ನೀರು ಕುಡಿದು ಬೆನ್ನು ಸೆಟೆದವರಿಗೆ ಇದೇ ಎಕ್ಸರೇ ತುಂಬ ಉಪಕಾರಿ. ಅಲ್ಲಿ ಮೂಳೆ ಕರಗುವುದಿಲ್ಲ, ಬದಲಿಗೆ ಬೇಕಾದ್ದಕ್ಕಿಂತ ದಟ್ಟವಾಗಿ ಬೆಳ್ಳಗೆ ಕಾಣುತ್ತದೆ. ಯಂತ್ರ ಒಂದೇ, ಒಂದು ಕಾಯಿಲೆಗೆ ಸಾಕ್ಷಿ, ಇನ್ನೊಂದಕ್ಕೆ ಅರೆಗುರುಡು.

‘ಬೋನ್ ಸ್ಕ್ಯಾನ್’ ಎಂಬ ಇನ್ನೊಂದು ಪರೀಕ್ಷೆಯ ಹೆಸರು ಕೇಳಿದರೆ ಮೂಳೆಯ ಕ್ಯಾನ್ಸರಿಗೆ ಅದೇ ಸರಿ ಎನಿಸುತ್ತದೆ. ಸ್ತನ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ನೋಡಲು ಅದು ನಿಜಕ್ಕೂ ಒಳ್ಳೆಯದು. ಟೆಕ್ನೀಷಿಯಂ ಎಂಬ ವಿಕಿರಣ ವಸ್ತು ಬೆರೆಸಿದ ಔಷಧಿಯನ್ನು ರಕ್ತಕ್ಕೆ ಕೊಟ್ಟರೆ, ಎಲ್ಲಿ ಹೊಸ ಮೂಳೆ ಕಟ್ಟುತ್ತಿದೆಯೋ ಅಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಮೈಲೋಮಾದಲ್ಲಿ ಕಟ್ಟುವವರ ಕೈ ಕಟ್ಟಿದೆ ಎಂದೆನಲ್ಲ, ಅದಕ್ಕೇ ಬೋನ್ ಸ್ಕ್ಯಾನಿಗೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ತೂತು ಎಷ್ಟೇ ದೊಡ್ಡದಿರಲಿ, ವರದಿ ತಣ್ಣಗಿರಬಹುದು. ಮೈಲೋಮಾದ ಅನುಮಾನವಿದ್ದಾಗ ಯಾರಾದರೂ ಬರೀ ಬೋನ್ ಸ್ಕ್ಯಾನ್ ಬರೆದರೆ, ‘ಇದರಲ್ಲಿ ಗೊತ್ತಾಗುತ್ತದಾ ಸಾರ್?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಎಕ್ಸರೇಯ ಜಾಗಕ್ಕೆ ಈಗ ಬಂದಿರುವುದು ಇಡೀ ಮೈಯ ಕಡಿಮೆ ಡೋಸಿನ ಸಿ.ಟಿ. ಇದೂ ಎಕ್ಸರೇ ಕಿರಣವೇ, ಆದರೆ ಸುತ್ತಲಿನಿಂದ ಬಿಟ್ಟು, ಮೈಯನ್ನು ತೆಳು ಬಿಲ್ಲೆಗಳಾಗಿ ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸುತ್ತದೆ. ನೆರಳಿನ ಮೇಲೆ ನೆರಳು ಬೀಳುವ ತೊಂದರೆಯಿಲ್ಲ. 5 ಮಿಲಿಮೀಟರಿನ ತೂತೂ ಸಿಗುತ್ತದೆ. ಕೈ ಎತ್ತಿ, ತಿರುಗಿ, ಮಗ್ಗುಲಾಗಿ ಹತ್ತಾರು ಫಿಲ್ಮು ತೆಗೆಸಿಕೊಳ್ಳುವ ನೋವು ತಪ್ಪುತ್ತದೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಇದಕ್ಕೆ ನರದ ಮೂಲಕ ಬಣ್ಣದ ಔಷಧಿ, ಅಂದರೆ ಕಾಂಟ್ರಾಸ್ಟ್, ಬೇಕಾಗಿಲ್ಲ. ಮೂತ್ರಪಿಂಡ ಮೊದಲೇ ಸೋತಿರುವವರಿಗೆ ಇದು ಸಣ್ಣ ವಿಷಯವಲ್ಲ. ಇನ್ನು ವಿಕಿರಣದ ಭಯ. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಹೇಗೂ ತಾಗುತ್ತದೆ. ಕಡಿಮೆ ಡೋಸಿನ ಈ ಸಿ.ಟಿ.ಯದು ಹೆಚ್ಚುಕಡಿಮೆ ಅಂಥ ಎರಡು ವರ್ಷದ ಲೆಕ್ಕ. ಆದರೂ ಸಿ.ಟಿ. ತೋರಿಸುವುದು ಮೂಳೆಗೆ ಆಗಿಹೋದ ಹಾನಿಯನ್ನೇ. ತೂತು ಬೀಳುವ ಮೊದಲು ಮಜ್ಜೆಯೊಳಗೆ ಏನು ನಡೆಯುತ್ತಿದೆ ಎಂದು ಕೇಳಿದರೆ ಅದೂ ಸರಿಯಾಗಿ ಹೇಳಲಾರದು.

ಆ ಪ್ರಶ್ನೆಗೆ ಎಂಆರ್‌ಐ ಬೇಕು. ಇದರಲ್ಲಿ ವಿಕಿರಣವೇ ಇಲ್ಲ. ದೊಡ್ಡ ಆಯಸ್ಕಾಂತದೊಳಗೆ ಮಲಗಿಸಿ, ರೇಡಿಯೋ ಅಲೆ ಕೊಟ್ಟು, ಮೈಯಲ್ಲಿರುವ ನೀರು ಮತ್ತು ಕೊಬ್ಬಿನ ಹೈಡ್ರೋಜನ್ ಕಣಗಳು ತಿರುಗಿ ಕೊಡುವ ಸಂಕೇತವನ್ನು ಹಿಡಿಯುತ್ತಾರೆ. ಸುಣ್ಣ ಇದಕ್ಕೆ ಕಪ್ಪು ಕತ್ತಲೆ. ಮಜ್ಜೆಯೇ ಬೆಳಕು. ದೊಡ್ಡವರ ಬೆನ್ನುಮೂಳೆಯ ಮಜ್ಜೆಯಲ್ಲಿ ಸಾಕಷ್ಟು ಕೊಬ್ಬು ಇರುವುದರಿಂದ ಟಿ1 ಎಂಬ ಚಿತ್ರದಲ್ಲಿ ಮೂಳೆಯ ಗಟ್ಟಿ ಬೆಳ್ಳಗೆ, ಎರಡು ಗಟ್ಟಿಗಳ ನಡುವಿನ ಡಿಸ್ಕು ಕಪ್ಪಗೆ ಕಾಣಬೇಕು. ಕ್ಯಾನ್ಸರ್ ಕೋಶಗಳು ಕೊಬ್ಬನ್ನು ಒತ್ತರಿಸಿ ಕೂತರೆ ಲೆಕ್ಕ ತಿರುಗುಮುರುಗು: ಮೂಳೆಯೇ ಡಿಸ್ಕಿಗಿಂತ ಕಪ್ಪಾಗುತ್ತದೆ. ಅನುಭವಿ ರೇಡಿಯಾಲಜಿಸ್ಟ್ ಒಂದು ನೋಟಕ್ಕೇ ತಡೆದು ನಿಲ್ಲುವುದು ಇಲ್ಲಿ. ಸುಣ್ಣ ಇನ್ನೂ ಕರಗದೆ, ಸಿ.ಟಿ.ಯೂ ಸರಿಯಿದ್ದು, ಎಂಆರ್‌ಐನಲ್ಲಿ ಮಾತ್ರ ಕಾಯಿಲೆ ಕಾಣುವುದು ಹೀಗೆ. 2014ರಲ್ಲಿ ಮೈಲೋಮಾ ತಜ್ಞರ ಅಂತಾರಾಷ್ಟ್ರೀಯ ತಂಡ ರೋಗದ ಲಕ್ಷಣಪಟ್ಟಿಯನ್ನು ತಿದ್ದಿತು. 5 ಮಿಲಿಮೀಟರಿಗೆ ಕಡಿಮೆಯಿಲ್ಲದ ಒಂದಕ್ಕಿಂತ ಹೆಚ್ಚು ಗಂಟು ಎಂಆರ್‌ಐನಲ್ಲಿ ಕಂಡರೆ, ಮಜ್ಜೆಯಲ್ಲಿ ಕಾಯಿಲೆ ಇರುವುದು ಖಚಿತವಾದವರಿಗೆ, ಮೂಳೆ ಮುರಿಯುವುದನ್ನು ಕಾಯದೆ ಚಿಕಿತ್ಸೆ ಶುರು ಮಾಡಬಹುದು ಎಂದಾಯಿತು. ಅದಕ್ಕೆ ಮೊದಲು ಸಾಮಾನ್ಯವಾಗಿ ಹಾನಿ ಆದ ಮೇಲೆಯೇ ಮದ್ದು.

ಎಂಆರ್‌ಐಗೆ ಅವಸರ ಬೀಳುವ ಒಂದು ಸಂದರ್ಭವನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆನ್ನು ನೋವಿನ ಜೊತೆ ಕಾಲಿನ ಬಲ ಕುಂದಿದರೆ, ಸೊಂಟದ ಕೆಳಗೆ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ಬೆನ್ನುಮೂಳೆ ಕುಸಿದು ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಆಗ ಎಣ್ಣೆ ತೀಡಿಸುವುದು, ನಾಟಿ ವೈದ್ಯರ ಹತ್ತಿರ ಮೂಳೆ ಕೂರಿಸಿಕೊಳ್ಳುವುದು ಬೇಡವೇ ಬೇಡ. ಅದೇ ದಿನ ಎಂಆರ್‌ಐ ಇರುವ ಆಸ್ಪತ್ರೆ ಸೇರಬೇಕು. ಇಲ್ಲಿ ಗಂಟೆಗಳ ಲೆಕ್ಕ. ಸೋತ ಕಾಲು ಮತ್ತೆ ಎದ್ದು ನಿಲ್ಲುವುದೋ ಇಲ್ಲವೋ ಎಂಬುದು ಆ ಗಂಟೆಗಳಲ್ಲೇ ತೀರ್ಮಾನವಾಗುತ್ತದೆ.

ಕಡೆಯದು ಪೆಟ್-ಸಿ.ಟಿ. ಸಕ್ಕರೆಯಂಥ ಒಂದು ಅಣುವಿಗೆ ಫ್ಲೋರಿನ್-18 ಎಂಬ ವಿಕಿರಣ ಕಣ ಅಂಟಿಸಿ ನರಕ್ಕೆ ಕೊಡುತ್ತಾರೆ. ಹಸಿದ ಕೋಶಗಳು ಅದನ್ನು ಬಾಚಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ತುಂಬ ಹಸಿದವು. ಎಲ್ಲಿ ಸೇರಿತೋ ಅಲ್ಲಿ ಚಿತ್ರ ಉರಿಯುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ, ಎರಡು ಗಂಟೆಯೂ ಇಲ್ಲ. ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ಬೆಳಿಗ್ಗೆ ತಯಾರಿಸಿದ್ದು ಮಧ್ಯಾಹ್ನದ ಹೊತ್ತಿಗೆ ಕಾಲುಭಾಗಕ್ಕೂ ಇಳಿದಿರುತ್ತದೆ. ದಾಸ್ತಾನು ಇಡುವ ಮಾತೇ ಇಲ್ಲ. ಈ ಪರೀಕ್ಷೆ ಬೆಂಗಳೂರಿನಂಥ ಊರುಗಳಿಗೆ ಅಂಟಿಕೊಂಡಿರುವುದಕ್ಕೂ, ಹೇಳಿದ ಹೊತ್ತಿಗೆ ಸರಿಯಾಗಿ ಬರಬೇಕೆಂದು ಆಸ್ಪತ್ರೆಯವರು ಪೀಡಿಸುವುದಕ್ಕೂ ಇದು ಕಾರಣ. ಬಸ್ಸು ತಪ್ಪಿತು ಎಂದರೆ ಔಷಧಿ ಕಾಯುವುದಿಲ್ಲ.

ಪೆಟ್‌ಗೆ ಹೋಗುವವರಿಗೆ ನಮ್ಮ ಸೀಮೆಯ ಮಟ್ಟಿಗೆ ಒಂದೆರಡು ಸೂಚನೆ. ನಾಲ್ಕರಿಂದ ಆರು ಗಂಟೆ ಏನೂ ತಿನ್ನದೆ ಇರಬೇಕು, ಎಳನೀರೂ ಕೂಡದು, ಬರೀ ನೀರು ಮಾತ್ರ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಬಗ್ಗೆ ಹಿಂದಿನ ದಿನವೇ ಕೇಳಿಕೊಳ್ಳಬೇಕು. ಇಂಜೆಕ್ಷನ್ ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಕೂತಿರಬೇಕು, ಮಾತೂ ಬೇಡ. ಎಲೆಅಡಿಕೆಯಂತೂ ಬೇಡವೇ ಬೇಡ: ಅಗಿಯುವ ದವಡೆಯ ಸ್ನಾಯು ಅದೇ ಸಕ್ಕರೆಯನ್ನು ಎಳೆದುಕೊಂಡು ಚಿತ್ರದಲ್ಲಿ ಉರಿಯುತ್ತದೆ. ಇನ್ನೂ ಒಂದು ಮಾತು. ಪೆಟ್ ಅಂದರೆ ಅಂತಿಮ ತೀರ್ಪು ಎಂಬ ನಂಬಿಕೆ ಹರಡಿದೆ. ಮೈಲೋಮಾ ಇದ್ದೂ ಪೆಟ್‌ನಲ್ಲಿ ಕಾಣದವರು ಹತ್ತರಲ್ಲಿ ಒಬ್ಬರಾದರೂ ಇದ್ದಾರೆ. ಅವರ ಕ್ಯಾನ್ಸರ್ ಕೋಶಗಳಲ್ಲಿ ಸಕ್ಕರೆಯನ್ನು ಒಳಗೇ ಹಿಡಿದಿಡುವ ಹೆಕ್ಸೋಕೈನೇಸ್-2 ಎಂಬ ಕಿಣ್ವ ಕಡಿಮೆ. ಸಕ್ಕರೆ ಬಂದ ದಾರಿಯಲ್ಲೇ ಹೋಗಿಬಿಡುತ್ತದೆ.

ಇಷ್ಟೆಲ್ಲ ಯಂತ್ರಗಳ ವಿಷಯ ಓದಿ ‘ಹಾಗಾದರೆ ನಾಳೆಯೇ ಒಂದು ಫುಲ್ ಬಾಡಿ ಸ್ಕ್ಯಾನ್ ಮಾಡಿಸಿಬಿಡೋಣ’ ಎಂದು ಯಾರಾದರೂ ಹೊರಟರೆ ನನ್ನ ಬರಹ ಕೆಟ್ಟಿತು. ಪೆಟ್‌ನ ಖರ್ಚು ಖಾಸಗಿಯಲ್ಲಿ ಸಾವಿರದ ಲೆಕ್ಕದಲ್ಲಲ್ಲ, ಹತ್ತು ಸಾವಿರದ ಲೆಕ್ಕದಲ್ಲಿ. ಅದಕ್ಕೆ ಮೊದಲು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲೇ ಮಾಡಬಹುದಾದ, ಅಗ್ಗದ ಕೆಲಸ ಬೇಕಾದಷ್ಟಿದೆ: ಹಿಮೋಗ್ಲೋಬಿನ್, ಇಎಸ್ಆರ್, ಕ್ರಿಯಾಟಿನಿನ್, ಕ್ಯಾಲ್ಸಿಯಂ, ಒಟ್ಟು ಪ್ರೋಟೀನು ಮತ್ತು ಆಲ್ಬುಮಿನ್. ಕರಗಿದ ಮೂಳೆಯ ಸುಣ್ಣ ರಕ್ತಕ್ಕೆ ಬಂದು ಕ್ಯಾಲ್ಸಿಯಂ ಏರುತ್ತದೆ. ಒಟ್ಟು ಪ್ರೋಟೀನಿಗೂ ಆಲ್ಬುಮಿನ್‌ಗೂ ನಡುವಿನ ಅಂತರ ಹಿಗ್ಗಿದ್ದರೆ ಬೇಡದ ಪ್ರೋಟೀನು ಸೇರಿದೆಯೇನೋ ಎಂಬ ಅನುಮಾನ. ಇವುಗಳಲ್ಲಿ ಏನಾದರೂ ಏರುಪೇರಿದ್ದರೆ ರಕ್ತದ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್, ಫ್ರೀ ಲೈಟ್ ಚೈನ್ ಪರೀಕ್ಷೆ. ಮೂತ್ರಕ್ಕೆ ಪಟ್ಟಿ ಅದ್ದಿ ‘ಆಲ್ಬುಮಿನ್ ಇಲ್ಲ’ ಎಂದದ್ದನ್ನು ಮಾತ್ರ ನೆಚ್ಚಬಾರದು. ಆ ಪಟ್ಟಿಗೆ ಬೆನ್ಸ್ ಜೋನ್ಸ್ ಪ್ರೋಟೀನು ಸರಿಯಾಗಿ ಸಿಗುವುದಿಲ್ಲ. ವಯಸ್ಸು ಸಣ್ಣದು ಎಂದು ತಳ್ಳಿಹಾಕುವಂತೆಯೂ ಇಲ್ಲ. ಅಮೆರಿಕದಲ್ಲಿ ಈ ಕಾಯಿಲೆ ಪತ್ತೆಯಾಗುವವರ ನಡುವಯಸ್ಸು 69. ನಮ್ಮ ದೇಶದ ಆಸ್ಪತ್ರೆಗಳ ದಾಖಲೆಯಲ್ಲಿ ಅದಕ್ಕಿಂತ ಸುಮಾರು ಹತ್ತು ವರ್ಷ ಮೊದಲೇ, ಅರವತ್ತರ ಒಳಗಿರುವವರೇ ಬಹಳ ಮಂದಿ, ಅಂದರೆ ಇನ್ನೂ ತೋಟದಲ್ಲಿ ದುಡಿಯುತ್ತಿರುವವರು.

ನೋವಿನ ಮಾತ್ರೆಯ ಬಗ್ಗೆ ನನಗೆ ಯಂತ್ರಗಳಿಗಿಂತ ಹೆಚ್ಚು ಸಿಟ್ಟಿದೆ. ಡೈಕ್ಲೋಫೆನಾಕ್ ಜಾತಿಯ ಮಾತ್ರೆ, ಇಂಜೆಕ್ಷನ್ನುಗಳನ್ನು ವಾರಗಟ್ಟಲೆ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು. ಮೈಲೋಮಾ ಇರುವವರ ಮೂತ್ರಪಿಂಡ ಆ ಪ್ರೋಟೀನಿನಿಂದ ಮೊದಲೇ ಅರ್ಧ ಸೋತಿರುತ್ತದೆ. ಕಾಯಿಲೆ ಯಾವುದೆಂದು ಪತ್ತೆಯಾಗುವ ಹೊತ್ತಿಗೆ ಡಯಾಲಿಸಿಸ್ ಹಂತ ಮುಟ್ಟಿದವರೂ ಇದ್ದಾರೆ. ಸ್ಕ್ಯಾನಿನಲ್ಲಿ ಕಾಂಟ್ರಾಸ್ಟ್ ಕೊಡುವ ಮೊದಲು ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ವರದಿ ಕೇಳುವುದು ಇದಕ್ಕೇ. ಕೇಳದಿದ್ದರೆ ನಾವೇ ತೋರಿಸಬೇಕು.

ರಕ್ತದಲ್ಲಿ ಸುಳಿವು ಸಿಕ್ಕ ಮೇಲೆ ದಾರಿ ಸಾಮಾನ್ಯವಾಗಿ ಬೆಂಗಳೂರಿಗೆ, ನಿಮ್ಹಾನ್ಸ್ ಪಕ್ಕದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ. 1973ರಲ್ಲಿ ಶುರುವಾದ ಈ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ರಾಜ್ಯದ ಬಡವರಿಗೆ ಈಗಲೂ ಮೊದಲ ಹೆಸರು. ದೇಶದ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರಿಂದ ಬೆಂಗಳೂರಿನ ಲೆಕ್ಕ ಇಡುತ್ತಾ ಬಂದಿರುವುದೂ ಇದೇ ಸಂಸ್ಥೆ. ಹೋಗುವಾಗ ಬಿಪಿಎಲ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೂರೂ ಕೈಯಲ್ಲಿರಲಿ. 2018ರಲ್ಲಿ ಶುರುವಾದ ಆರೋಗ್ಯ ಕರ್ನಾಟಕ, ಆಯುಷ್ಮಾನ್ ಭಾರತದ ಜೊತೆ ಸೇರಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಯಾವ ಸ್ಕ್ಯಾನು ಅದರೊಳಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಆರೋಗ್ಯ ಮಿತ್ರರ ಕೌಂಟರಿನಲ್ಲಿ ಮೊದಲೇ ವಿಚಾರಿಸಿಕೊಂಡರೆ ಸಾಲ ಮಾಡುವುದು ತಪ್ಪೀತು.

ಚಿತ್ರಗಳೆಲ್ಲ ಮುಗಿದರೂ ಸೂಜಿ ತಪ್ಪುವುದಿಲ್ಲ. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ, ಆದರೆ ಅದು ಕೌಟಾಗಿದೆಯೇ ಎಂದು ತಿಳಿಯಲು ಒಡೆಯಲೇಬೇಕು. ಮಜ್ಜೆಯಲ್ಲಿ ಕೆಟ್ಟ ಪ್ಲಾಸ್ಮಾ ಕೋಶಗಳು ನೂರಕ್ಕೆ ಹತ್ತಾದರೂ ಇವೆಯೇ, ಅವುಗಳ ವರ್ಣತಂತುಗಳಲ್ಲಿ ಏನು ಬದಲಾಗಿದೆ ಎಂಬುದನ್ನು ಯಾವ ಸ್ಕ್ಯಾನೂ ಹೇಳುವುದಿಲ್ಲ. ಅದಕ್ಕೆ ಮಜ್ಜೆಯನ್ನೇ ತೆಗೆದು ನೋಡಬೇಕು. ‘ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಕಾಲು ಹೋಗುತ್ತದೆ’ ಎಂಬ ಭಯದಿಂದ ಇಲ್ಲಿಗೇ ಬಿಟ್ಟು ಊರಿಗೆ ವಾಪಸ್ಸಾಗುವವರಿದ್ದಾರೆ. ಸೂಜಿ ಬೀಳುವುದು ಬೆನ್ನುಹುರಿಗಲ್ಲ, ಸೊಂಟದ ಹಿಂಭಾಗದ ಮೂಳೆಗೆ. ಹುರಿ ಅಲ್ಲಿಗೆ ಬರುವುದೇ ಇಲ್ಲ. ಮರಗಟ್ಟಿಸಿ ಮಾಡುತ್ತಾರೆ, ಮಜ್ಜೆ ಎಳೆಯುವ ಒಂದೆರಡು ಕ್ಷಣ ಮಾತ್ರ ಸೆಳೆತ. ಅದೇ ದಿನ ಮನೆಗೆ ಹೋಗಬಹುದು.

ಚಿಕಿತ್ಸೆ ನಡೆದು, ರಕ್ತದ ಪ್ರೋಟೀನು ಇಳಿದು, ನೋವು ತಗ್ಗಿದ ಮೇಲೆ ಇನ್ನೊಂದು ದಿಗಿಲು ಕಾದಿರುತ್ತದೆ. ಮತ್ತೆ ಎಕ್ಸರೇಯೋ ಸಿ.ಟಿ.ಯೋ ತೆಗೆಸಿದರೆ ತೂತು ಹಾಗೇ ಇರುತ್ತದೆ. ‘ಕಾಯಿಲೆ ಹೋಗಿಲ್ಲ, ಸುಳ್ಳು ಹೇಳುತ್ತಿದ್ದಾರೆ’ ಎಂದು ಮನೆಯವರು ಗಾಬರಿಯಾಗುತ್ತಾರೆ. ಕೋಶಗಳು ಸತ್ತರೂ ಮೈಲೋಮಾದ ತೂತು ಸಾಮಾನ್ಯವಾಗಿ ತುಂಬಿಕೊಳ್ಳುವುದಿಲ್ಲ, ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಒಳಗೆ ಜೀವಂತ ಕ್ಯಾನ್ಸರ್ ಇದೆಯೋ, ಖಾಲಿ ಗೂಡು ಮಾತ್ರವೋ ಎಂದು ಬೇರ್ಪಡಿಸುವುದರಲ್ಲಿ ಪೆಟ್ ಎಲ್ಲಕ್ಕಿಂತ ಮುಂದು. ಆ ಕೆಲಸಕ್ಕೆ ಅದು ತನ್ನ ದುಡ್ಡಿಗೆ ತಕ್ಕ ಯಂತ್ರ. ಆದರೆ ಹಿಂದೆ ಯಾವ ಜಾಗ ಎಷ್ಟು ಉರಿದಿತ್ತು ಎಂದು ಗೊತ್ತಿಲ್ಲದೆ, ಈಗ ಆರಿದೆಯೇ ಎಂದು ಹೇಳುವುದು ಹೇಗೆ? ಮೊದಲ ಸಲದ ಸಿ.ಡಿ.ಯನ್ನು ಬಸ್ಸಿನಲ್ಲಿ ಮರೆತು, ವರದಿಯ ಕಾಗದವನ್ನಷ್ಟೇ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದವರಿಗೆ ಎರಡನೇ ಚಿತ್ರವನ್ನು ಓದುವ ವೈದ್ಯರು ಅರ್ಧ ಉತ್ತರವನ್ನಷ್ಟೇ ಕೊಡಬಲ್ಲರು.